ಮಾಡಿನ ಕೆಳಗಿನ ಬಯಲು

ಉತ್ತರ ಕನ್ನಡದ ಘಟ್ಟದ ಕೆಳಗಿನ ಸೀಮೆಯಲ್ಲಿ, ಅದರಲ್ಲೂ ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿ, ಮನೆ ಎಂಬ ಮಾತು ನಾಲ್ಕು ಗೋಡೆಗಳ ನಡುವಿನ ಜಾಗವನ್ನಷ್ಟೇ ಹೇಳುವುದಿಲ್ಲ. ದನ ನುಗ್ಗದಂತೆ ಬೇಲಿಯ ನಡುವೆ ಅಡ್ಡಲಾಗಿ ಗಳ ಇಟ್ಟು ಮಾಡಿದ ದಣಪೆಯನ್ನು ದಾಟಿದಲ್ಲಿಂದಲೇ ಮನೆ ಶುರುವಾಗುತ್ತದೆ. ಅಂಗಳ, ತುಳಸಿಕಟ್ಟೆ, ಜಗಲಿ, ಒಳಮನೆ, ಬಚ್ಚಲು, ಕೊಟ್ಟಿಗೆ, ಬಾವಿ, ಹಿತ್ತಲು ಎಂದು ಹಿಂದಕ್ಕೆ ಸರಿಯುತ್ತ ಹೋಗಿ ತೆಂಗಿನ ಬುಡದಲ್ಲೋ ಗದ್ದೆಯ ಹಾಳಿಯ ಮೇಲೋ ಮುಗಿಯುತ್ತದೆ. ಇಂಥ ಮನೆಗಳಲ್ಲಿ ಹುಟ್ಟಿ ಬೆಳೆದವರೇ ಈಗ ಪೇಟೆಯ ಬಿಲ್ಡಿಂಗುಗಳ ಎರಡನೆಯ, ಮೂರನೆಯ ಮಾಳಿಗೆಯಲ್ಲಿ ಎರಡು ಕೋಣೆ, ಒಂದು ಹಾಲು, ಒಂದು ಅಡುಗೆಮನೆ, ಮೂರಡಿ ಬಾಲ್ಕನಿಯ ಫ್ಲ್ಯಾಟುಗಳಿಗೆ ಬಂದು ನೆಲೆಸುತ್ತಿದ್ದಾರೆ. ಈ ಬದಲಾವಣೆಯ ಬಗ್ಗೆ ಕೇಳಿಬರುವ ಮಾತು ಹೆಚ್ಚಾಗಿ ಎರಡೇ ಬಗೆಯದು: ಅಂಗಳ ಹೋಯಿತೆಂಬ ಹಳಹಳಿಕೆ ಒಂದು, ಕಾಲಕ್ಕೆ ತಕ್ಕ ಕೋಲವೆಂಬ ಸಮಾಧಾನ ಇನ್ನೊಂದು. ಎರಡೂ ಮಾತುಗಳು ಇಲ್ಲಿಯ ಮಳೆಯನ್ನು ಮರೆತು ಆಡಿದಂಥವು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಗೋಡೆಯಾಚೆಗಿನ ಬದುಕು ಬರಿಯ ಬಯಲಿನಲ್ಲಿ ನಡೆದದ್ದು ಅರ್ಧ ವರ್ಷ ಮಾತ್ರ. ಉಳಿದರ್ಧ ವರ್ಷ ಅದು ನಡೆದದ್ದು ಮಾಡಿನ ಕೆಳಗೆ. ಮಾಡು ಎಂದರೆ ಚಾವಣಿ, ಅದರಲ್ಲೂ ಇಳಿಜಾರಾದ ಹಂಚಿನ ಅಥವಾ ಸೋಗೆಯ ಚಾವಣಿ. ಗೋಡೆಯಿಲ್ಲದ, ಆದರೆ ಮಾಡಿರುವ ಈ ಜಾಗವನ್ನು ಬಿಟ್ಟು ಅಂಗಳವೊಂದರ ಬಗ್ಗೆಯೇ ಮಾತಾಡುತ್ತ ಕುಳಿತರೆ ಹೋದದ್ದೇನೆಂಬುದೂ ತಿಳಿಯದು, ಮರಳಿ ಕಟ್ಟಿಕೊಳ್ಳಬಹುದಾದದ್ದೇನೆಂಬುದೂ ತಿಳಿಯದು.

ಅಂಗಳವೆಂಬುದು ಈ ಸೀಮೆಯಲ್ಲಿ ತಾನಾಗಿ ಇರುವ ವಸ್ತುವಲ್ಲ, ವರ್ಷವರ್ಷವೂ ಹೊಸದಾಗಿ ಮಾಡಬೇಕಾದದ್ದು. ಮಳೆ ಹಿಂದೆಗೆದು ದೀಪಾವಳಿಯ ಸುಮಾರಿಗೆ ನೆಲ ಆರಿದಾಗ ಹುಲ್ಲು, ಹಾವಸೆಗಳನ್ನು ಕೆತ್ತಿ ತೆಗೆದು, ಹಳ್ಳಕೊಳ್ಳಗಳಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಹಿಡಿಯಿರುವ ದಪ್ಪ ಮರದ ಹಲಗೆಯಿಂದ ಬಡಿದು ನೆಲವನ್ನು ಗಟ್ಟಿ ಮಾಡಬೇಕು. ಆಮೇಲೆ ಸಗಣಿ ಸಾರಿಸಬೇಕು. ಸಾರಿಸುವ ಸಗಣಿಗೆ ಕಪ್ಪು ಬರಲೆಂದು ಹಿಂದೆ ಇದ್ದಿಲು ಅರೆದು ಸೇರಿಸುತ್ತಿದ್ದರು, ಟಾರ್ಚಿನ ಕಾಲ ಬಂದ ಮೇಲೆ ಹಳೆಯ ಬ್ಯಾಟರಿಯ ಒಳಗಿನ ಮಸಿಯನ್ನು ಜಜ್ಜಿ ಕಲಸಿದರು. ಹೀಗೆ ಸಿದ್ಧವಾದ ಅಂಗಳದಲ್ಲಿ ಮಾರ್ಗಶಿರದಿಂದ ವೈಶಾಖದ ಕೊನೆಯವರೆಗೆ ಭತ್ತ, ಅಡಿಕೆ, ಕೊಬ್ಬರಿ, ಮುರುಗಲಿನ ಸಿಪ್ಪೆ, ಹಲಸಿನ ಹಪ್ಪಳ ಒಣಗಿದವು, ಮದುವೆಯ ಚಪ್ಪರ ಎದ್ದಿತು, ಸುಗ್ಗಿಯಲ್ಲಿ ಹಾಲಕ್ಕಿ ಒಕ್ಕಲಿಗರ ಮೇಳ ತುರಾಯಿ ಕಟ್ಟಿಕೊಂಡು ಬಂದು ಕುಣಿಯಿತು. ಮೃಗಶಿರಾ ಮಳೆ ಹಿಡಿದ ಮೇಲೆ ಅದೇ ಅಂಗಳ ಜಾರುವ ಪಾಚಿಯ ಹಾಸಾಗಿ, ದಣಪೆಯಿಂದ ಮೆಟ್ಟಿಲಿನವರೆಗೆ ಹಾಕಿದ ಕಲ್ಲುಗಳ ಮೇಲೆ ಕಾಲಿಟ್ಟು ದಾಟಿಬಿಡುವ ಜಾಗವಷ್ಟೇ ಆಗುತ್ತಿತ್ತು. ಮಳೆಗಾಲದ ಆ ತಿಂಗಳುಗಳಲ್ಲಿ ಮನೆಯ ಸಮಸ್ತ ಹೊರಗೆಲಸವೂ ಜಗಲಿಗೆ, ಕೆಲವೆಡೆ ಹೊಳ್ಳಿಯೆಂದು ಕರೆಯುವ ಪಡಸಾಲೆಗೆ ಏರಿ ಬರುತ್ತಿತ್ತು: ಕಾಯಿ ಸುಲಿಯುವುದು, ಬಲೆ ಕಟ್ಟುವುದು, ಹೂ ಮಾಲೆ ಮಾಡುವುದು, ಬಟ್ಟೆ ಆರಿಸುವುದು, ಕಂಬಕ್ಕೊರಗಿ ಮಾತಾಡುವುದು. ಕುಮಟಾದ ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಕಡೆ ಬೆಳೆಯುವ ಸಿಹಿ ಈರುಳ್ಳಿಯನ್ನು ಸೊಪ್ಪಿನ ಸಮೇತ ಗೊಂಚಲು ಕಟ್ಟಿ ಮಳೆಗಾಲ ಪೂರ್ತಿ ಕೆಡದಂತೆ ತೂಗುಹಾಕುವುದಕ್ಕೂ ಬೇಕಾದದ್ದು ಇದೇ, ಗಾಳಿಯಾಡುವ, ನೀರು ತಾಗದ ಮಾಡಿನಡಿಯ ಜಾಗ.

ಜಗಲಿಯ ಹಿಂದೆ ಒಂದು ಲೆಕ್ಕಾಚಾರವಿದೆ. ಕರಾವಳಿಯ ಮಳೆ ನೆಟ್ಟಗೆ ಬೀಳುವುದಿಲ್ಲ. ನೈಋತ್ಯದ ಗಾಳಿಗೆ ಸಿಕ್ಕಿ ಓರೆಯಾಗಿ ಹೊಡೆಯುತ್ತದೆ. ಹಾಗೆ ಗಾಳಿಯ ಬೀಸಿಗೆ ಒಳನುಗ್ಗುವ ಮಳೆಯನ್ನು ಎರಚಲು ಎನ್ನುತ್ತಾರೆ. ಹಳೆಯ ಮನೆಗಳ ಮಾಡು ಜಗಲಿಯ ಅಂಚಿನಿಂದ ಸುಮಾರು ಮೂರಡಿ ಮುಂದಕ್ಕೆ ಚಾಚಿ, ಅಂಗಳದ ನೆಲದಿಂದ ಆರಡಿಯಷ್ಟೇ ಎತ್ತರಕ್ಕೆ ಇಳಿಯುತ್ತಿತ್ತು. ಜಗಲಿಯ ನೆಲ ಅಂಗಳಕ್ಕಿಂತ ಒಂದೂವರೆ ಅಡಿ ಮೇಲಿದ್ದರೆ ಆ ನೆಲಕ್ಕೂ ಮಾಡಿನ ಅಂಚಿಗೂ ನಡುವೆ ಉಳಿಯುವುದು ನಾಲ್ಕೂವರೆ ಅಡಿ. ಮಳೆ 45 ಡಿಗ್ರಿ ಓರೆಯಲ್ಲಿ ಬಂದರೂ ಜಗಲಿಯೊಳಗೆ ಒಂದೂವರೆ ಅಡಿಯಷ್ಟು ಮಾತ್ರ ನೆನೆದು, ಒಳಗಿನ ಐದಾರು ಅಡಿ ಬೆಚ್ಚಗೆ ಉಳಿಯುತ್ತದೆ. ಎತ್ತರದ ಆಳು ತಲೆ ಬಗ್ಗಿಸಿ ಒಳಬರಬೇಕಾದದ್ದು ಇದಕ್ಕೆ ತೆತ್ತ ಬೆಲೆ. ಅದನ್ನು ಮನೆಯ ಯಜಮಾನನಿಗೆ ಸಲ್ಲಿಸುವ ಗೌರವವೆಂದು ವಿವರಿಸುವವರಿದ್ದರೂ ನಿಜವಾದ ಗೌರವ ಸಂದದ್ದು ಮಳೆಗೆ. ಇದರ ಪಕ್ಕದಲ್ಲಿ ಈಗಿನ ಫ್ಲ್ಯಾಟಿನ ಬಾಲ್ಕನಿಯನ್ನು ಇಟ್ಟು ನೋಡಬೇಕು. ಸೊಂಟದೆತ್ತರದ ಗೋಡೆಯ ಮೇಲಿನಿಂದ ಒಂಬತ್ತಡಿ ಎತ್ತರದ ಸ್ಲ್ಯಾಬಿನವರೆಗೆ ಆರಡಿ ತೆರಪು, ಒಳಗಿನ ಅಗಲ ಮೂರಡಿ. ಅದೇ ಓರೆಯ ಮಳೆ ಇಲ್ಲಿ ಬಾಲ್ಕನಿಯನ್ನು ಹಾರಿ ಹಿಂದಿನ ಬಾಗಿಲಿಗೇ ಬಡಿಯುತ್ತದೆ; ತಂತಿಯ ಮೇಲಿನ ಬಟ್ಟೆ, ಮೂಲೆಯ ಚಪ್ಪಲಿ, ಕುಂಡದ ತುಳಸಿ ಎಲ್ಲವೂ ಒಂದೇ ಸಮ ತೊಯ್ಯುತ್ತವೆ. ಜೂನ್ ಮೊದಲ ವಾರ ನೀಲಿ ತಾಡಪಾಲು ಕಟ್ಟಿ ಅಕ್ಟೋಬರಿಗೆ ಬಿಚ್ಚುವುದು, ಅದೂ ಬೇಸರವಾದ ಮೇಲೆ ಸರಿಯುವ ಗಾಜಿನ ಬಾಗಿಲು ಕೂರಿಸಿ ಬಾಲ್ಕನಿಯನ್ನು ಕೋಣೆಗೇ ಸೇರಿಸಿಕೊಂಡುಬಿಡುವುದು ಈ ಊರುಗಳಲ್ಲಿ ಎಲ್ಲೆಲ್ಲೂ ಕಾಣುವ ದೃಶ್ಯ. ಬಾಲ್ಕನಿಯನ್ನು ಬಳಸಲರಿಯದ ಹಳ್ಳಿಗರೆಂದು ಇದನ್ನು ನಗೆಯಾಡುವುದು ತಪ್ಪು. ಬಯಲುಸೀಮೆಯ ಹವೆಗೆ, ವರ್ಷಕ್ಕೆ 900 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಬೆಂಗಳೂರಿಗೆ ಹೊಂದುವ ನಕ್ಷೆಯನ್ನು ನಾಲ್ಕು ಪಟ್ಟು ಮಳೆ ಬೀಳುವ ಊರಿಗೆ ಹಾಗೇ ತಂದು ಇಟ್ಟವರದು ತಪ್ಪು.

ಹಾಗೆಂದು ಹಳೆಯ ಮನೆಯ ಹೊರಾಂಗಣವನ್ನು ಹಾಡಿ ಹೊಗಳುವುದೂ ಪ್ರಾಮಾಣಿಕವಾಗುವುದಿಲ್ಲ. ಅಂಗಳದಿಂದ ದೇವರಕೋಣೆಯವರೆಗಿನ ಒಂದೊಂದು ಹೊಸ್ತಿಲೂ ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನು ಜಾತಿಯಿಂದ ಅಳೆದು ಹೇಳುತ್ತಿತ್ತು. ಕೆಲವರಿಗೆ ಜಗಲಿ, ಕೆಲವರಿಗೆ ಜಗಲಿಯ ಕಟ್ಟೆ, ಇನ್ನು ಕೆಲವರಿಗೆ ಅಂಗಳದ ಅಂಚು ಮಾತ್ರ. ಒಡೆಯರ ಅಂಗಳವೆಂದರೆ ಗೇಣಿಭತ್ತ ಅಳೆದುಕೊಟ್ಟು ಬರಿಗೈಯಲ್ಲಿ ಹಿಂದಿರುಗಿದ ಜಾಗವೂ ಹೌದು, ಮತ್ತು ದಿನಕರ ದೇಸಾಯಿಯವರು 1940ರ ವೇಳೆಗೆ ಈ ಜಿಲ್ಲೆಯಲ್ಲಿ ರೈತರನ್ನು ಸಂಘಟಿಸಿದ್ದು ಅಂಥ ಅಂಗಳಗಳ ಎದುರಿಗೇ. ಅಂಗಳವನ್ನು ಕೆತ್ತಿ, ಬಡಿದು, ಸಾರಿಸಿ, ದಿನಾ ಬೆಳಿಗ್ಗೆ ಗುಡಿಸಿದ ಸೊಂಟ ಯಾರದು ಎಂಬ ಪ್ರಶ್ನೆಯೂ ಇದೆ. ಮುಟ್ಟಾದ ಹೆಂಗಸನ್ನು ಹೊರಗೆ ಕೂರಿಸುವುದಕ್ಕೆ ಒಂದು ‘ಹೊರಗೆ’ ಬೇಕಾಗಿತ್ತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಂಥ ಜಾಗವೇ ಇಲ್ಲದ್ದರಿಂದ ಆ ಆಚಾರ ಎಷ್ಟೋ ಮನೆಗಳಲ್ಲಿ ಚರ್ಚೆಯಿಲ್ಲದೆ ತಾನಾಗಿ ಬಿದ್ದುಹೋಯಿತು. ಸುಧಾರಕರ ಭಾಷಣಗಳಿಂದ ಆಗದ ಕೆಲಸವನ್ನು ಮೇಸ್ತ್ರಿಯ ನಕ್ಷೆ ಮಾಡಿದ ಇಂಥ ಉದಾಹರಣೆಗಳು ಅಪರೂಪವಲ್ಲ. ಫ್ಲ್ಯಾಟಿಗೆ ಬಂದ ಅತ್ತೆಸೊಸೆಯರಿಬ್ಬರೂ ಊರಮನೆಗೆ ಹಿಂದಿರುಗಲು ಒಲ್ಲೆವೆನ್ನುವುದಕ್ಕೆ ಕಾರಣ ಸೋಮಾರಿತನವಲ್ಲ.

ಫ್ಲ್ಯಾಟು ಬಂದದ್ದಾದರೂ ಷೋಕಿಯಿಂದಲ್ಲ, ನೆಲದ ಲೆಕ್ಕದಿಂದ. ಜಿಲ್ಲೆಯ ಐದರಲ್ಲಿ ನಾಲ್ಕು ಪಾಲು ನೆಲ ಅರಣ್ಯ. ಉಳಿದದ್ದರಲ್ಲಿ ಕಡಲಿಗೂ ಘಟ್ಟಕ್ಕೂ ನಡುವೆ ಸಿಕ್ಕಿದ ಕಿರಿದಾದ ಪಟ್ಟಿಯಲ್ಲಿ ಗದ್ದೆ, ತೋಟ, ಹೊಳೆಯ ಮುಖ, ಉಪ್ಪುನೀರಿನ ಗಜನಿ, ರಾಷ್ಟ್ರೀಯ ಹೆದ್ದಾರಿ 66, 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆ ಎಲ್ಲವೂ ಒತ್ತಿಕೊಂಡಿವೆ. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಈ ಸೀಮೆಯ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ನ್ಯಾಯ ನಡೆದಿಲ್ಲ. ಆದರೆ ಹಾಗೆ ದಕ್ಕಿದ 20 ಗುಂಟೆ (ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಅಂದರೆ 1089 ಚದರಡಿ) ನಾಲ್ಕು ಮಕ್ಕಳಿಗೆ ಹಿಸ್ಸೆಯಾದರೆ ತಲಾ ಐದು, ಅವರ ಮಕ್ಕಳಿಬ್ಬರಿಗೆ ಪಾಲಾದರೆ ತಲಾ ಎರಡೂವರೆ ಗುಂಟೆ. ಅದರಲ್ಲಿ ಓಣಿಗೆ ಬಿಟ್ಟು, ಕಾಂಪೌಂಡು ಎಬ್ಬಿಸಿ, ಕಾರು ನಿಲ್ಲಿಸಲು ಜಾಗ ಮಾಡಿದರೆ ಅಂಗಳವೆನ್ನುವುದು ಇಂಟರ್‌ಲಾಕ್ ಕಲ್ಲು ಹಾಸಿದ ಒಂದು ಓಣಿಯಾಗಿ ಉಳಿಯುತ್ತದೆ. ಕಡಲಂಚಿನ ಹಳ್ಳಿಗಳಲ್ಲಿ 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಗಳಿಗೆ ತಡೆಯೊಡ್ಡಿತು. 2019ರ ಅಧಿಸೂಚನೆ ಜನ ಒತ್ತಾಗಿರುವ ಹಳ್ಳಿಗಳಿಗೆ ಅದನ್ನು 50 ಮೀಟರಿಗೆ ಇಳಿಸಿತು. ಹೆದ್ದಾರಿ ಚತುಷ್ಪಥವಾಗುವಾಗ ಪೇಟೆಯ ಬದಿಯ ಎಷ್ಟೋ ಮನೆಗಳ ಅಂಗಳ, ತುಳಸಿಕಟ್ಟೆ, ಕೆಲವೆಡೆ ಜಗಲಿಯ ಅರ್ಧವೂ ರಸ್ತೆಗೆ ಹೋಗಿ, ಒಳಮನೆಯ ಕಿಟಕಿಯೇ ನೇರ ಸರ್ವಿಸ್ ರಸ್ತೆಗೆ ತೆರೆದುಕೊಂಡಿತು. ಇಷ್ಟೆಲ್ಲದರ ನಡುವೆ ಎಲ್ಲರಿಗೂ ಅಂಗಳದ ಮನೆ ಬೇಕೆಂದು ಹೇಳುವುದು ಉಳಿದ ಗದ್ದೆ, ಗಜನಿ, ಗುಡ್ಡಗಳನ್ನು ಕಡಿದು ಸೈಟು ಮಾಡಿರೆಂದು ಹೇಳಿದಂತೆ. ಗುಡ್ಡ ಕಡಿದದ್ದರ ಫಲವನ್ನು ಈ ಕರಾವಳಿ ಮತ್ತೆಮತ್ತೆ ಕಂಡಿದೆ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಮಿಕ್ಕಿ ಮಳೆಯಾದಾಗ ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಮನೆಯೊಂದರಲ್ಲಿದ್ದ ನಾಲ್ವರು ಸತ್ತರು. ಇಂಥ ನೆಲದಲ್ಲಿ ಮೇಲಕ್ಕೆ ಕಟ್ಟುವುದೇ ವಿವೇಕ.

ಸಣ್ಣ ನಿವೇಶನದಲ್ಲಿ ಬಿಡಿಮನೆ ಕಟ್ಟುವುದರ ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಚಿರೇಕಲ್ಲಿನ ನೆಲ ನೀರನ್ನು ಬೇಗ ಒಳಗೆ ಎಳೆದುಕೊಳ್ಳುತ್ತದೆ, ಅಷ್ಟೇ ಬೇಗ ಪಕ್ಕಕ್ಕೂ ಹರಿಸುತ್ತದೆ. ಶೌಚದ ಗುಂಡಿಗೂ ಕುಡಿಯುವ ಬಾವಿಗೂ ನಡುವೆ ಕಡಿಮೆಯೆಂದರೂ 15 ಮೀಟರ್, ಅಂದರೆ ಸುಮಾರು 50 ಅಡಿ ಅಂತರ ಇರಬೇಕೆಂಬುದು ಸಾಮಾನ್ಯ ಕಟ್ಟಳೆ. ಎರಡೂವರೆ ಗುಂಟೆಯ ಚೌಕದ ಒಂದು ಬದಿಯೇ 52 ಅಡಿ. ತನ್ನ ಗುಂಡಿಯನ್ನು ತನ್ನ ಬಾವಿಯಿಂದ ದೂರ ಮಾಡಿದಷ್ಟೂ ಅದು ಪಕ್ಕದವನ ಬಾವಿಗೆ ಹತ್ತಿರವಾಗುತ್ತದೆ. ಹಳೆಯ ಹಿತ್ತಲು ಬರೀ ಬಸಳೆ ಬೆಳೆಯುವ ಜಾಗವಾಗಿರದೆ ನೀರನ್ನು ಸೋಸಿ ಇಂಗಿಸುವ ಏರ್ಪಾಡೂ ಆಗಿತ್ತೆಂಬುದು ಅದು ಹೋದ ಮೇಲೆ, ಬಾವಿಯ ನೀರು ವಾಸನೆ ಬರತೊಡಗಿದ ಮೇಲೆ ತಿಳಿಯುವ ಸಂಗತಿ. ಸಾವಿರ ಚದರಡಿ ಚಾವಣಿಯ ಮೇಲೆ ಇಲ್ಲಿ ವರ್ಷಕ್ಕೆ ಬೀಳುವ ನೀರು ಮೂರು ಲಕ್ಷ ಲೀಟರಿಗೂ ಮೇಲೆ. ಹಿತ್ತಲಿಲ್ಲದ ಓಣಿಯಲ್ಲಿ ಅದಷ್ಟೂ ಗಟಾರಕ್ಕೆ, ಗಟಾರ ತುಂಬಿದರೆ ಕೆಳಗಿನವನ ಹೊಸ್ತಿಲಿಗೆ.

ಅಂಗಳವಿಲ್ಲದೆ ಬದುಕುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. ಕಡಲಂಚಿನ ಮೀನುಗಾರರ ಕೇರಿಗಳಲ್ಲಿ ಮನೆಗೆ ಮನೆ ಅಂಟಿಕೊಂಡು, ಒಬ್ಬರ ಮಾಡಿನ ನೀರು ಇನ್ನೊಬ್ಬರ ಗೋಡೆಗೆ ಸಿಡಿಯುವಷ್ಟು ಒತ್ತಾಗಿ ಬದುಕಿದ್ದಾರೆ. ಅವರ ಅಂಗಳ ಬೇಲೆ, ಅಂದರೆ ಕಡಲತಡಿಯ ಮರಳ ಹಾಸು. ಬಲೆ ಹರಡುವುದು, ದೋಣಿ ಮಗುಚಿ ಹಾಕಿ ಎಣ್ಣೆ ಬಳಿಯುವುದು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಾಗ ಬೇಕೆಂದು ಬೇಸಿಗೆಯಲ್ಲೇ ಶೆಟ್ಲಿ ಮೀನು ಒಣಗಿಸಿಟ್ಟುಕೊಳ್ಳುವುದು, ಮಕ್ಕಳ ಆಟ, ಮುದುಕರ ಪಟ್ಟಾಂಗ ಎಲ್ಲವೂ ಅಲ್ಲೇ. ಈ ನೆಲಕ್ಕೆ ಯಾರ ಹೆಸರಿನಲ್ಲೂ ಪಹಣಿಯಿಲ್ಲ. ಬಳಕೆಯೇ ಅದರ ಹಕ್ಕುಪತ್ರ. ಶರಾವತಿ ಕಡಲು ಸೇರುವಲ್ಲಿ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ, ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಟ್ಟಲೆ ನಡೆಸಿದ ಹೋರಾಟವನ್ನು ಪರಿಸರದ ಅಥವಾ ಜೀವನೋಪಾಯದ ಜಗಳವೆಂದಷ್ಟೇ ಓದಿದರೆ ಒಂದು ಅಂಶ ತಪ್ಪಿಹೋಗುತ್ತದೆ: ಮೀನು ಒಣಗಿಸುವ ಹೆಂಗಸರಿಗೆ ಅದು ಮನೆಯ ಅರ್ಧ ಭಾಗವನ್ನು ಕಳೆದುಕೊಳ್ಳುವ ಪ್ರಶ್ನೆಯಾಗಿತ್ತು. ಅದೇ ಕಾಸರಕೋಡಿನ ಇನ್ನೊಂದು ಕಡೆಯ ಬೇಲೆಗೆ 2020ರಲ್ಲಿ ಸ್ವಚ್ಛತೆಗಾಗಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಪ್ರವಾಸಿ ಮೈ ಒಡ್ಡಿ ಮಲಗುವ ಮರಳು ಸ್ವಚ್ಛ, ಮೀನು ಒಣಗುವ ಮರಳು ಗಲೀಜು ಎಂಬ ಎಣಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಬೇಲೆ ಎಂಬ ಹೆಸರು ಅಳಿದು ಬೀಚ್ ಆದ ದಾರಿಯಲ್ಲೇ ಬಂದಿರಬೇಕು.

ಭಟ್ಕಳದ ಹಳೆಯ ಪೇಟೆ ಇನ್ನೊಂದು ಮಾದರಿ. ವಿಜಯನಗರದ ಕಾಲದ ಬಂದರಾಗಿದ್ದ ಈ ಊರಿನಲ್ಲಿ, ನವಾಯತ ವ್ಯಾಪಾರಿ ಮನೆತನಗಳು ನೆಲೆಸಿದ ಓಣಿಗಳು ಎಂದೋ ಪಟ್ಟಣದ ಒತ್ತನ್ನು ಕಂಡವು. ಬೀದಿಗೆ ಮುಖ ಮುಚ್ಚಿ, ಉದ್ದಕ್ಕೆ ಹಿಂದೆ ಚಾಚಿ, ಹಿಂಬದಿಯಲ್ಲಿ ಬಾವಿಯ ಸುತ್ತ ಒಂದಷ್ಟು ತೆರಪು ಇಟ್ಟುಕೊಂಡ ಮನೆಗಳಲ್ಲಿ ಪರದೆ ಪಾಲಿಸುವ ಹೆಂಗಸರಿಗೆ ಆಕಾಶ ಕಾಣುತ್ತಿದ್ದದ್ದು ಆ ಹಿಂಬದಿಯಲ್ಲೇ. ಗಂಡಸಿಗೆ ಬೀದಿಯಿದೆ, ಮಸೀದಿಯ ಕಟ್ಟೆಯಿದೆ, ಕಡಲಿದೆ. ಹಿತ್ತಲು ಹೋದರೆ ಯಾರ ಪಾಲಿಗೆ ಹೆಚ್ಚು ಹೋಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗಲ್ಫಿನ ದುಡಿಮೆಯಿಂದ ಎದ್ದ ಹೊಸ ಬಡಾವಣೆಗಳಲ್ಲಿ ಎತ್ತರದ ಕಾಂಪೌಂಡಿನ ದೊಡ್ಡ ಮನೆಗಳು ವರ್ಷದ ಬಹುಪಾಲು ಬೀಗ ಹಾಕಿಕೊಂಡು ನಿಂತಿರುವುದೂ, ಅವುಗಳ ಯಜಮಾನರು ದುಬೈಯ ಫ್ಲ್ಯಾಟಿನಲ್ಲಿ ಆಕಾಶ ಕಾಣದೆ ಬದುಕುವುದೂ ಒಂದೇ ನಾಣ್ಯದಿಂದ ಕೊಂಡ ಎರಡು ವಸ್ತುಗಳು. ಇನ್ನು ಭಟ್ಕಳ ಮಲ್ಲಿಗೆ. ಆ ಹೂವಿಗೆ ಹೆಸರು ತಂದದ್ದು ದೊಡ್ಡ ತೋಟಗಳಿಗಿಂತ ಹೆಚ್ಚಾಗಿ ಮನೆಯಂಚಿನ ಹತ್ತಿಪ್ಪತ್ತು ಬುಡಗಳು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಜಗಲಿಯಲ್ಲಿ ಕುಳಿತು ಕಟ್ಟಿ, ಬಸ್ಸಿನ ಹೊತ್ತಿಗೆ ಕಳಿಸುವ ಹೆಂಗಸಿನ ಸ್ವಂತ ದುಡ್ಡು ಅದು. ಆ ಹಿತ್ತಲನ್ನು ಬಿಲ್ಡರನಿಗೆ ಕೊಟ್ಟು ಬದಲಿಗೆ ಎರಡು ಫ್ಲ್ಯಾಟು ಪಡೆಯುವ ಕರಾರಿನಲ್ಲಿ ಈ ಗಳಿಕೆಗೆ ಬೆಲೆ ಕಟ್ಟಿದವರು ಕಡಿಮೆ.

ಮನೆಗೆ ಸ್ವಂತ ಹೊರಾಂಗಣವಿಲ್ಲದಿದ್ದರೂ ಮನೆಗಳ ಗುಂಪಿಗೆ ಒಂದು ಹೊರಾಂಗಣ ಇರಬಹುದೆಂಬುದನ್ನು ಇದೇ ಸೀಮೆಯವರು ಮುಂಬಯಿಯಲ್ಲಿ ಕಲಿತಿದ್ದರು. ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರೂ ಗೋಕರ್ಣದ ಜಯಂತ ಕಾಯ್ಕಿಣಿಯವರೂ ಮುಂಬಯಿಯ ಇಕ್ಕಟ್ಟನ್ನು ತಮ್ಮ ಕತೆಗಳಲ್ಲಿ ಕನ್ನಡದ ಅನುಭವವಾಗಿಸಿದ್ದು ಆಕಸ್ಮಿಕವಲ್ಲ. ಹೊಟೇಲು, ಗಿರಣಿ, ಕಚೇರಿಗಳಿಗೆಂದು ಹೋದ ಅಸಂಖ್ಯ ಜನರ ಹಿಂದೆಯೇ ಅವರೂ ಹೋದರು. 1920ರ ದಶಕದಲ್ಲಿ ಸರ್ಕಾರ ಕಟ್ಟಿದ ಬಿಡಿಡಿ ಚಾಳುಗಳಲ್ಲಿ ಒಂದು ಖೋಲಿ, ಅಂದರೆ ಒಂದು ಕೋಣೆಯ ಮನೆ, 160 ಚದರಡಿ, ಶೌಚ ಸಾರ್ವಜನಿಕ. ಆದರೆ ಚಾಳೆಂದರೆ ಬಾಗಿಲಿನಿಂದ ಬಾಗಿಲಿಗೆ ಹಾಯುವ, ತಲೆಯ ಮೇಲೆ ಮಾಡಿರುವ ನಡುದಾರಿ. ಬಟ್ಟೆ, ಹರಟೆ, ಜಗಳ, ಗಣಪತಿ, ಪರೀಕ್ಷೆಯ ಓದು, ಹೆಣ ಎಲ್ಲದಕ್ಕೂ ಅದೇ ಜಗಲಿ. ಚಾಳಿನ ಬಾಳು ನರಕವೆಂದು ಹೇಳುವವರ ಮಾತು ಸುಳ್ಳಲ್ಲ. ಆದರೂ ಇಂದಿನ ಹೊನ್ನಾವರದ 900 ಚದರಡಿಯ ಫ್ಲ್ಯಾಟಿನಲ್ಲಿ ಇರುವ ಮುದುಕಿಯೊಬ್ಬಳಿಗೆ, ಖೋಲಿಯ ಮುದುಕಿಗಿದ್ದ ಆ ಉದ್ದ ಜಗಲಿ ಇಲ್ಲ. ಲಿಫ್ಟಿನ ಎದುರಿನ ಆರಡಿ ಕತ್ತಲೆಯಲ್ಲಿ ಕುರ್ಚಿ ಹಾಕಿ ಕೂರಲು ಯಾರೂ ಬಯಸುವುದಿಲ್ಲ. ಹೊರದೇಶಗಳಲ್ಲಿ ಇದನ್ನು ಯೋಚಿಸಿಯೇ ಮಾಡಿದ್ದಾರೆ. ವಿಯೆನ್ನಾ ನಗರಾಡಳಿತ 1927ರಿಂದ 1930ರ ನಡುವೆ ಕಾರ್ಮಿಕರಿಗಾಗಿ ಕಟ್ಟಿದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿಸಮುಚ್ಚಯದಲ್ಲಿ 1382 ಮನೆಗಳಿದ್ದರೂ ಕಟ್ಟಡ ನಿಂತದ್ದು ನಿವೇಶನದ ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ನೆಲದ ಮೇಲೆ. ಹೋಫ್ ಎಂಬ ಶಬ್ದದ ಅರ್ಥವೇ ಅಂಗಳ. ಸಿಂಗಪುರದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ನೆಲಮಟ್ಟದ ಅಂತಸ್ತನ್ನು ಗೋಡೆಯಿಲ್ಲದೆ ಕಂಬಗಳ ಮೇಲೆ ಖಾಲಿ ಬಿಟ್ಟು ಮದುವೆಗೂ ಮಣ್ಣಿಗೂ ಅದನ್ನೇ ಬಳಸುತ್ತಾರೆ. ಸಿಂಗಪುರವೂ ಮಳೆಯ ಊರು. ಮಾಡಿನ ಕೆಳಗಿನ ಬಯಲಿನ ಬೆಲೆ ಅವರಿಗೆ ತಿಳಿದಿತ್ತು. ಕುಮಟಾ, ಭಟ್ಕಳದ ಬಿಲ್ಡಿಂಗುಗಳಲ್ಲೂ ಕಂಬದ ಮೇಲೆ ನಿಂತ ಅದೇ ಕೆಳಅಂತಸ್ತು ಇದೆ. ಅದರಲ್ಲಿ ಕಾರು ನಿಂತಿದೆ.

ಆದರೆ ಈ ಕರಾವಳಿಯ ಜನ ಯಾರನ್ನೂ ಕೇಳದೆ, ಯಾವ ವಾಸ್ತುತಜ್ಞನ ಸಲಹೆಯೂ ಇಲ್ಲದೆ ಒಂದು ಪರಿಹಾರ ಕಂಡುಕೊಂಡಿದ್ದಾರೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ಮೇಲೆ ಸೋಗೆಯ, ನಾಡಹಂಚಿನ ಮಾಡುಗಳು ನಿಧಾನವಾಗಿ ಮಂಗಳೂರು ಹಂಚಿಗೆ ತಿರುಗಿದವು. ಕಳೆದ ನಾಲ್ಕೈದು ದಶಕಗಳಲ್ಲಿ ಅವೂ ಹೋಗಿ ಸಪಾಟಾದ ಕಾಂಕ್ರೀಟ್ ತಾರಸಿ ಬಂತು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿ ಸೋರತೊಡಗಿ, ಜನ ಅದರ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹೊದಿಸಿದರು. ಸೋರಿಕೆ ತಡೆಯಲೆಂದು ಎದ್ದ ಈ ಎರಡನೆಯ ಮಾಡಿನ ಕೆಳಗೆ, ತಾರಸಿಗೂ ಶೀಟಿಗೂ ನಡುವೆ, ಏಳೆಂಟಡಿ ಎತ್ತರದ, ಗೋಡೆಯಿಲ್ಲದ, ನಾಲ್ಕೂ ಕಡೆ ಗಾಳಿಯಾಡುವ ಒಂದು ಜಾಗ ತಾನಾಗಿ ಸಿಕ್ಕಿತು. ಜುಲೈ ತಿಂಗಳ ಮಧ್ಯಾಹ್ನ ಅಂಥದೊಂದು ತಾರಸಿಗೆ ಹತ್ತಿದರೆ ಕಾಣುವುದು ಇಷ್ಟು: ಅಡ್ಡಕ್ಕೆ ಕಟ್ಟಿದ ನೈಲಾನ್ ಹಗ್ಗದ ಮೇಲೆ ಎರಡು ದಿನದ ಬಟ್ಟೆ, ಪೈಪಿನಿಂದ ಇಳಿಬಿದ್ದ ಈರುಳ್ಳಿಯ ಗೊಂಚಲು, ಮೂಲೆಯಲ್ಲಿ ಸುಲಿಯದ ಕಾಯಿಯ ರಾಶಿ, ಎರಚಲು ಬಡಿಯುವ ಪಡುವಣ ಬದಿಗೆ ಹಳೆಯ ಫ್ಲೆಕ್ಸ್ ಬ್ಯಾನರಿನ ಮರೆ, ಅದರ ಮೇಲೆ ತಲೆಕೆಳಗಾಗಿ ನಗುವ ಯಾರೋ ಅಭ್ಯರ್ಥಿ, ನಡುವೆ ಸೈಕಲ್ಲು ಸುತ್ತಿಸುವ ಮಕ್ಕಳು. ಶೀಟಿನ ಮೇಲೆ ಮಳೆ ಬಿದ್ದಾಗ ಮಾತು ಕೇಳಿಸದು, ಬೇಸಿಗೆಯ ನಡುಹಗಲು ಕಾವಲಿಯಂತೆ ಕಾಯುತ್ತದೆ, ನೋಟಕ್ಕಂತೂ ಚಂದವಿಲ್ಲ. ಆದರೂ ಇದು ಜಗಲಿಯೇ, ಎರಡು ಮಾಳಿಗೆ ಮೇಲಕ್ಕೆ ಎತ್ತಿ ಇಟ್ಟ ಜಗಲಿ. ಹಳೆಯ ಜಗಲಿಗಿದ್ದ ಜಾತಿಯ ಮೆಟ್ಟಿಲುಗಳು ಇದಕ್ಕಿಲ್ಲ, ಏಕೆಂದರೆ ಇಲ್ಲಿಗೆ ಹೊರಗಿನವರನ್ನು ಬರಮಾಡಿಕೊಳ್ಳುವ ಪದ್ಧತಿಯೇ ಬೆಳೆದಿಲ್ಲ; ಅದು ಇದರ ಲಾಭವೂ ಹೌದು, ಕೊರತೆಯೂ ಹೌದು.

ಬಿಡಿಮನೆಯವನು ತನ್ನ ತಾರಸಿಯ ಮೇಲೆ ಮಾಡಿಕೊಂಡ ಈ ಏರ್ಪಾಡು ಫ್ಲ್ಯಾಟಿನವನಿಗೆ ಸಿಗುವುದಿಲ್ಲ ಎಂಬಲ್ಲಿ ನಿಜವಾದ ಅನ್ಯಾಯವಿದೆ. ಕಾನೂನಿನ ಪ್ರಕಾರ ನೋಡಿದರೆ ತಾರಸಿ ಎಲ್ಲರದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಚಾವಣಿ, ಅಂಗಳ, ತೋಟ, ವಾಹನ ನಿಲುಗಡೆಗಳನ್ನು ಸಾಮಾನ್ಯ ಪ್ರದೇಶಗಳೆಂದು, ಅಂದರೆ ಎಲ್ಲ ನಿವಾಸಿಗಳಿಗೂ ಅವಿಭಕ್ತ ಪಾಲಿರುವ ಜಾಗಗಳೆಂದು ಹೇಳುತ್ತದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನರ ಬಾಯಲ್ಲಿ ರೇರಾ, ತಾರಸಿಯ ಹೆಸರನ್ನೇ ಹೇಳಿ ಅದನ್ನು ಈ ಪಟ್ಟಿಗೆ ಸೇರಿಸುತ್ತದೆ. ಆದರೆ ನಿವೇಶನ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ಅಂಥ ಕಟ್ಟಡವನ್ನು ರೇರಾದಡಿ ನೋಂದಾಯಿಸಬೇಕಾಗಿಲ್ಲ. 500 ಚದರ ಮೀಟರ್ ಎಂದರೆ ಹೆಚ್ಚುಕಡಿಮೆ ಐದು ಗುಂಟೆ, ಹಿಸ್ಸೆಯಾಗಿ ಬಂದ ಹಿತ್ತಲು ಬಿಲ್ಡರನ ಕೈಗೆ ಹೋಗುವಾಗ ಇರುವ ಅಳತೆಯೇ ಅದು. ಮಹಾನಗರವನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದ ರಿಯಾಯಿತಿಯ ಬಾಗಿಲಿನಿಂದ ಸಣ್ಣ ಪೇಟೆಯ ಕಟ್ಟಡಗಳು ಹೊರಗೆ ಜಾರಿಬಿಡುತ್ತವೆ. ಆಮೇಲೆ ತಾರಸಿ ಮೊಬೈಲ್ ಟವರಿಗೋ, ಬಿಲ್ಡರನ ಮುಂದಿನ ಮಾಳಿಗೆಯ ಆಸೆಗೋ, ಬರಿಯ ಬೀಗಕ್ಕೋ ಒಪ್ಪಿಸಲ್ಪಡುತ್ತದೆ. ರೇರಾದ ಇನ್ನೊಂದು ವ್ಯಾಖ್ಯೆಯೂ ಗಮನಿಸತಕ್ಕದ್ದು: ಮನೆಯ ಬಳಕೆಯ ವಿಸ್ತೀರ್ಣವೆಂದು ಲೆಕ್ಕ ಹಿಡಿಯುವ ಕಾರ್ಪೆಟ್ ಏರಿಯಾದಲ್ಲಿ ಬಾಲ್ಕನಿಯೂ ಜಗಲಿಯೂ ತೆರೆದ ತಾರಸಿಯೂ ಸೇರುವುದಿಲ್ಲ. ಗ್ರಾಹಕ ಮೋಸಹೋಗದಿರಲೆಂದು ಮಾಡಿದ ಈ ನಿಯಮ ಸರಿಯಾದದ್ದೇ. ಆದರೆ ದರ ನಿಂತಿರುವುದು ಕೋಣೆಯ ಅಳತೆಯ ಮೇಲೆ ಎಂದಾದಾಗ ಜಗಲಿಯನ್ನು ಅಗಲ ಮಾಡುವುದರಲ್ಲಿ ಕಟ್ಟುವವನಿಗೆ ಯಾವ ಲಾಭವೂ ಉಳಿಯದೆ, ಅದು ಮೂರಡಿಗೇ ನಿಲ್ಲುತ್ತದೆ.

ಆದ್ದರಿಂದ ಪುರಸಭೆ, ಪಟ್ಟಣ ಪಂಚಾಯಿತಿಗಳ ಕಟ್ಟಡ ನಿಯಮಗಳಲ್ಲಿ ಕರಾವಳಿಗೆ ಬೇರೆಯದೇ ಒಂದು ಅಧ್ಯಾಯ ಬೇಕಾಗಿದೆ. ನಾಲ್ಕೂ ಬದಿ ಗೋಡೆಯಿಲ್ಲದ, ತಾರಸಿಯ ಮೇಲಿನ ಇಳಿಜಾರು ಮಾಡನ್ನು ಇನ್ನೊಂದು ಮಾಳಿಗೆಯೆಂದು ಎಣಿಸಿ ಆಕ್ಷೇಪಿಸುವ ಬದಲು, ಎತ್ತರ, ಪೈಪಿನ ಗಟ್ಟಿತನ, ನೀರಿಳಿಯುವ ದೋಣಿ ಇಷ್ಟನ್ನು ಗೊತ್ತುಮಾಡಿ ಅದನ್ನು ಒಪ್ಪಿಕೊಳ್ಳಬೇಕು. ನಾಲ್ಕು ಮನೆಗಳಿಗಿಂತ ಹೆಚ್ಚಿರುವ ಕಟ್ಟಡದಲ್ಲಿ ಅದನ್ನು ಕಡ್ಡಾಯವೇ ಮಾಡಬೇಕು. ಮೂರಡಿಯ ನಾಲ್ಕು ಬಾಲ್ಕನಿಗಳ ಬದಲು ಮಾಳಿಗೆಗೊಂದರಂತೆ ಎಂಟಡಿ ಅಗಲದ, ಮುಂದಕ್ಕೆ ಇಳಿಬಿಟ್ಟ ಮಾಡಿನ ಸಾಮಾನ್ಯ ಜಗಲಿ ಕಟ್ಟುವವನಿಗೆ ಅಷ್ಟು ವಿಸ್ತೀರ್ಣವನ್ನು ಲೆಕ್ಕದಿಂದ ಬಿಡಬೇಕು. ಹೀಗೆ ಬಿಟ್ಟರೆ ಇಂದು ಶೀಟು, ನಾಳೆ ಇಟ್ಟಿಗೆ, ನಾಡಿದ್ದು ಬಾಡಿಗೆ ಎಂದು ಗೋಡೆ ಎದ್ದೇ ಏಳುತ್ತದೆ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದೆ ಇಲ್ಲ. ಬಿರುಗಾಳಿಗೆ ಶೀಟು ಹಾರಿ ಪಕ್ಕದವರ ಮೇಲೆ ಬೀಳುವುದೂ ಉಂಟು. ಆದರೆ ನಿಯಮವಿಲ್ಲದ ಈಗಲೂ ಶೀಟು ಏಳುತ್ತಿದೆ, ಹಾರುತ್ತಿದೆ. ಒಪ್ಪಿಗೆಯ ನಕ್ಷೆಯಲ್ಲಿ ಇರುವುದನ್ನು ತಪಾಸಣೆ ಮಾಡಬಹುದು, ಇಲ್ಲದ್ದನ್ನು ನೋಡಿಯೂ ನೋಡದಂತೆ ಹೋಗಬೇಕಾಗುತ್ತದೆ.

ಬಡವರ ವಸತಿಯಲ್ಲಿ ಇದು ಇನ್ನೂ ತುರ್ತಿನದು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ 2015ರಲ್ಲಿ ಶುರುವಾದಾಗ ಆರ್ಥಿಕವಾಗಿ ದುರ್ಬಲರಿಗೆ ನಿಗದಿಯಾದ ಮನೆಯ ಕಾರ್ಪೆಟ್ ವಿಸ್ತೀರ್ಣ 30 ಚದರ ಮೀಟರಿನವರೆಗೆ, ಅಂದರೆ ಸುಮಾರು 320 ಚದರಡಿ ಇತ್ತು. ಫ್ಲ್ಯಾಟು ಕೊಂಡವನಿಗೆ ಹೊರಾಂಗಣ ಒಂದು ಸುಖ. ಮೀನು ಮಾರುವವಳಿಗೆ, ಹೂ ಕಟ್ಟುವವಳಿಗೆ, ಹಪ್ಪಳ ಮಾಡಿ ಅಂಗಡಿಗೆ ಹಾಕುವವಳಿಗೆ ಅದು ಕೆಲಸದ ಜಾಗ. ಅವಳಿಗೆ ಮೂರನೆಯ ಮಾಳಿಗೆಯಲ್ಲಿ 320 ಚದರಡಿ ಕೊಟ್ಟು ಮೀನಬುಟ್ಟಿ ಎಲ್ಲಿಡಬೇಕೆಂದು ಹೇಳದಿದ್ದರೆ, ಅವಳು ಆ ಮನೆಯನ್ನು ಬಾಡಿಗೆಗೆ ಕೊಟ್ಟು ಹಳೆಯ ಜೋಪಡಿಗೆ ಹೋದಾಗ ಯೋಜನೆಯ ದುರುಪಯೋಗವಾಯಿತೆಂದು ವರದಿ ಬರೆಯುವ ಹಕ್ಕು ಯಾರಿಗೂ ಇರುವುದಿಲ್ಲ.

ನಿಯಮ ಬದಲಾಗುವುದಕ್ಕೆ ಕಾಲ ಹಿಡಿಯುತ್ತದೆ. ತಾರಸಿಯ ಕೀಲಿಕೈ ಬದಲಾಗುವುದಕ್ಕೆ ಒಂದು ಸಂಜೆಯ ಸಭೆ ಸಾಕು. ಅದು ಯಾರ ಬಳಿ ಇರಬೇಕು, ಬೆಳಿಗ್ಗೆ ಎಷ್ಟಕ್ಕೆ ತೆರೆಯಬೇಕು, ಯಾರ ಹಗ್ಗ ಯಾವ ಬದಿಗೆ, ಒಣಮೀನಿನ ವಾಸನೆಗೆ ಆಕ್ಷೇಪವಿರುವವರ ಹಗ್ಗ ಗಾಳಿಯ ಯಾವ ಕಡೆಗೆ, ಚೌತಿಗೂ ಈದಿಗೂ ಶಾಮಿಯಾನದ ಬದಲು ಅದೇ ಜಾಗ ಸಿಗುವುದೇ, ಹೆಣವನ್ನು ಮಲಗಿಸಬೇಕಾಗಿ ಬಂದಾಗ ಕೆಳಗಿನ ಕಾರುಗಳನ್ನು ಯಾರು ತೆಗೆಸಬೇಕು: ನಿವಾಸಿಗಳ ಸಂಘಗಳ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕಾದ ವಿಷಯಗಳು ಇಂಥವು. ಸದ್ಯಕ್ಕೆ ಏಪ್ರಿಲ್ ತಿಂಗಳಲ್ಲಿ ಹಲಸು ಬಲಿತಾಗ, ಬಿಲ್ಡಿಂಗುಗಳ ಹೆಂಗಸರು ಕಚೇರಿಯ ಕಾರುಗಳು ಹೊರಟುಹೋದ ಮೇಲೆ ಗೇಟಿನೊಳಗಿನ ಬಿಸಿಲು ಬೀಳುವ ತುಂಡು ನೆಲದಲ್ಲಿ ಚಾಪೆ ಹಾಸಿ, ಹಪ್ಪಳ ಹರಡಿ, ಕಾಗೆಗೊಂದು ಕಪ್ಪು ಕೊಡೆ ಬಿಡಿಸಿಟ್ಟು, ಐದು ಗಂಟೆಯ ಹಾರನ್ನು ಕೇಳುವುದರೊಳಗೆ ಎಲ್ಲವನ್ನೂ ಮಗುಚಿ ಒಳಗೆ ಒಯ್ಯುತ್ತಾರೆ.